ಎಷ್ಟು ಬ್ರೇಕ್ ನೋಡಿದರೆ ಸಾಕು?

ಬಾಡಿಗೆ ಸ್ಕೂಟರ್ ಕಂಪನಿಗಳ ಜೊತೆ ಜಗಳಕ್ಕೆ ಹೋದಾಗೆಲ್ಲ ನನಗೆ ಒಂದೇ ಗತಿ. ಸಿಟ್ಟಿನಲ್ಲಿ ಒಳಗೆ ಹೋಗುತ್ತೇನೆ, ಬೆರಗಾಗಿ ಹೊರಗೆ ಬರುತ್ತೇನೆ.

ಕೆ.ಆರ್. ಪುರದ ಬಾಡಿಗೆ ರೂಮಿನಲ್ಲಿರುವ ಕಲಬುರಗಿಯ ಗೆಳೆಯನೊಬ್ಬ ಇಂಥ ಕಂಪನಿಯೊಂದರ ಬ್ಯಾಟರಿ ಸ್ಕೂಟರಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಾನೆ. "ಅಣ್ಣಾರ, ಬ್ರೇಕ್ ಹಿಡೀವಲ್ತು. ಇಂಥದ್ದೇ ಗಾಡಿ ಮ್ಯಾಲಿಂದ ಬಿದ್ದು ನಮ್ಮ ತಮ್ಮ ಕಾಲು ಮುರ್ಕೊಂಡಾನ. ನಾಳೆ ನಾನೂ ಹತ್ತಬೇಕಲ್ರಿ" ಅಂದ. ಗಾಡಿಗಳನ್ನೆಲ್ಲ ವಾಪಸ್ ಕರೆಸಿ ರಿಪೇರಿ ಮಾಡಿಸಲೇಬೇಕು ಎಂದು ಇಬ್ಬರೂ ಹೊರಟೆವು.

ಪ್ಲಾಸ್ಟಿಕ್ ಕವರ್

ಕಂಪನಿಯ ಇಂದಿರಾನಗರದ ಆಫೀಸಿನಲ್ಲಿ ಕ್ವಾಲಿಟಿ ಮ್ಯಾನೇಜರ್ ಕಾಫಿ ತರಿಸಿದರು. "ಟೆಸ್ಟ್ ಮಾಡಿದ್ದೀವಿ ಸಾರ್. ಮೂರು ಗಾಡಿ. ಮೂರೂ ಸೂಪರ್."

"ಯಾವ ಮೂರು?"

"ಕೆಳಗೆ ಬೇಸ್‌ಮೆಂಟಲ್ಲಿ ಇದಾವಲ್ಲ, ಅವೇ."

ಇಳಿದು ನೋಡಿದರೆ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.

"ಇವು ರಸ್ತೆಗೇ ಇಳಿದಿಲ್ವಲ್ರೀ!"

"ರಸ್ತೆಗೆ ಇಳಿದಿದ್ದು ಸವೆದಿರುತ್ತೆ ಸಾರ್. ಅದನ್ನ ಟೆಸ್ಟ್ ಮಾಡಿದ್ರೆ ರಿಸಲ್ಟ್ ಹಾಳಾಗುತ್ತೆ."

ಬಂದವರು, ಬಾರದವರು

ಕೂಗಾಡಿದ ಮೇಲೆ ರಸ್ತೆಯಲ್ಲಿ ಓಡುವ ಗಾಡಿಗಳನ್ನೇ ನೋಡಲು ಒಪ್ಪಿದರು. ಗಾಡಿ ಓಡಿಸಿಕೊಂಡು ಹಲಸೂರು ಕೆರೆ ಹತ್ತಿರ ಬನ್ನಿ ಎಂದು ಸವಾರರಿಗೆಲ್ಲ ಮೆಸೇಜ್ ಹೋಯಿತು. ಬಂದ ಗಾಡಿಗಳ ಬ್ರೇಕೆಲ್ಲ ಗಟ್ಟಿ. ನನ್ನ ಗೆಳೆಯ ಜೀವಕ್ಕೆ ಹೆದರಿ ಬಸ್ಸಿನಲ್ಲಿ ಬಂದಿದ್ದ. ಗಾಡಿ ತಂದಿಲ್ಲ ಎಂದು ಅವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

"ನೋಡಿದ್ರಾ, ಒಂದೂ ಕೆಟ್ಟಿಲ್ಲ" ಎಂದು ಮ್ಯಾನೇಜರ್ ಹಿಗ್ಗಿದರು.

"ಬ್ರೇಕ್ ಕೆಟ್ಟವನು ಇಲ್ಲೀವರೆಗೆ ಹೆಂಗ್ರೀ ಬರ್ತಾನೆ?"

"ಆಸಕ್ತಿ ಇಲ್ಲದವರಿಗೆ ನಾವೇನ್ ಮಾಡೋಣ ಸಾರ್?"

ಇಂಥ ಉತ್ತರ ನನಗೆ ಕನಸಿನಲ್ಲೂ ಹೊಳೆಯುತ್ತಿರಲಿಲ್ಲ.

ಇಳಿಜಾರು

ಕೊನೆಗೆ ಮ್ಯಾನೇಜರನ್ನು ಕೆ.ಆರ್. ಪುರದ ಅವರ ಸರ್ವೀಸ್ ಯಾರ್ಡಿನಲ್ಲೇ ಹಿಡಿದೆ. "ಹತ್ತರಲ್ಲಿ ಒಂದು ಕೆಟ್ಟಿದ್ದರೂ, ಮೂರು ನೋಡಿದವರ ಕೈಗೆ ಅದು ಸಿಗದೇ ಹೋಗೋದೇ ಹೆಚ್ಚು. ಕೆಟ್ಟು ಇಲ್ಲಿ ಬಿದ್ದಿರೋದನ್ನೂ ಸೇರಿಸಿ ಚೀಟಿ ಎತ್ತಿ. ಹತ್ತಾರು ಗಾಡಿ ನೋಡಿ!"

"ಅಷ್ಟೆಲ್ಲ ಯಾಕೆ? ಇಲ್ಲೇ ನಿಂತಿರೋ ಇವರ ಗಾಡಿ ಒಂದೇ ಸಾಕು. ನಾನೇ ಓಡಿಸ್ತೀನಿ."

"ಬ್ಯಾಡ್ರಿ ಸಾಹೇಬ್ರ" ಎಂದು ಗೆಳೆಯ ಕೈ ಹಿಡಿದ. ಅವರು ಕೊಡವಿ ಹೊರಟೇಬಿಟ್ಟರು. ಯಾರ್ಡಿನ ಇಳಿಜಾರಿನಲ್ಲಿ ಗಾಡಿ ನಿಲ್ಲಲಿಲ್ಲ, ಸಾಹೇಬರೂ ನಿಲ್ಲಲಿಲ್ಲ. ಕೆಳಗಿದ್ದ ಹಳೇ ಸೀಟುಗಳ ರಾಶಿಯೊಳಗೆ ಇಬ್ಬರೂ ಮಾಯ. ಓಡಿಹೋಗಿ ನೋಡಿದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಮೊದಲು ಹೆಲ್ಮೆಟ್ ಮೇಲೆ ಬಂತು, ಆಮೇಲೆ ದನಿ: "ಒಂದೇ ಗಾಡಿ ನೋಡಿ ತೀರ್ಮಾನಕ್ಕೆ ಬರೋಕಾಗಲ್ಲ! ಸ್ಯಾಂಪಲ್ ತುಂಬಾ ಚಿಕ್ಕದು!"

ನಾನು ಕೈ ಮುಗಿದುಬಿಟ್ಟೆ. ಗೆಳೆಯ ಮಾತ್ರ ಹೋಗಿ ಇನ್ನೊಂದು ಸ್ಕೂಟರ್ ತಳ್ಳಿಕೊಂಡು ಬಂದ. "ಖರೇ ಅಂದ್ರಿ ಸಾಹೇಬ್ರ. ಇದನ್ನೂ ಏರ್ರಿ."

ಸಾಹೇಬರು ಸೀಟುಗಳ ನಡುವೆ ಕೂತಲ್ಲಿಂದಲೇ ಆಫೀಸಿಗೆ ಫೋನ್ ಹಚ್ಚಿದರು. "ಗಾಡಿ ವಾಪಸ್ ಕರೆಸ್ರೀ!"

"ಎಷ್ಟು ಸಾರ್? ಸ್ಯಾಂಪಲ್‌ಗೆ ಮೂರು ಸಾಕಾ?"

"ಎಲ್ಲಾನೂ ಕಣ್ರೀ! ಅವನು ಇನ್ನೊಂದು ತಳ್ಕೊಂಡು ಬರೋದ್ರೊಳಗೆ!"