ಗಂಜಿ ಕುಡಿದ ಕುಲಾವಿ

ಸಾಮಾನು ಸಾಕಷ್ಟಿದ್ದರೆ ಕೆಲಸ ತಾನಾಗಿಯೇ ಆಗುತ್ತದೆ ಎಂಬುದು ಒಂದು ಕಾಲದಲ್ಲಿ ನನ್ನ ಅಚಲ ನಂಬಿಕೆಯಾಗಿತ್ತು. ಹಿಟ್ಟಿದ್ದರೆ ರೊಟ್ಟಿ, ನೂಲಿದ್ದರೆ ಬಟ್ಟೆ. ಇದರಲ್ಲಿ ತಪ್ಪೇನಿದೆ, ಹೇಳಿ! ಆ ಲೆಕ್ಕದಲ್ಲಿ ನೋಡಿದರೆ, ನಿಜಾಮರ ಆಳ್ವಿಕೆ ಮುಗಿದ ನಾಲ್ಕೈದು ವರ್ಷಕ್ಕೆ ಇಡೀ ಮಸ್ಕಿಯಲ್ಲಿ ನನಗಿಂತ ದೊಡ್ಡ ಕಸುಬುದಾರಳು ಇನ್ನೊಬ್ಬಳಿರಲಿಲ್ಲ. ಏಕೆಂದರೆ ನನ್ನಷ್ಟು ಉಣ್ಣೆ, ಹತ್ತಿ ಕೂಡಿಟ್ಟವರು ಆ ಊರಲ್ಲಿ ಯಾರೂ ಇರಲಿಲ್ಲ.

ನೂಲುವ ಹುಚ್ಚು ಹತ್ತಿಸಿದವರು ನಮ್ಮ ಯಜಮಾನರು. ಅವರು ಶಾಲೆಯ ಮಾಸ್ತರರು. ಹೊಸ ಸರಕಾರ ಬಂದ ಮೇಲೆ ಮಕ್ಕಳಿಗೆ ತಕಲಿಯಲ್ಲಿ ನೂಲುವುದನ್ನು ಕಲಿಸಬೇಕೆಂದು ಹುಕುಂ ಆಯಿತು. ಅವರಿಗೋ ತಕಲಿ ತಿರುಗಿಸಲು ಬರದು. ಮನೆಗೆ ತಂದು ನನ್ನ ಮುಂದಿಟ್ಟರು. ನಾನು ವಾರದಲ್ಲಿ ಕಲಿತೆ, ಮುಂದಿನ ತಿಂಗಳು ಚರಕವನ್ನೇ ತರಿಸಿದೆ. ಹೆಣಿಗೆಯ ಹುಚ್ಚು ಹತ್ತಿದ್ದು ಲಿಂಗಸುಗೂರಿನಲ್ಲಿ. ಅಕ್ಕನ ಮನೆಗೆ ಹೋದಾಗ ಪಕ್ಕದ ಮನೆಯ ನರ್ಸಬಾಯಿ ಎರಡು ಕಡ್ಡಿ ಹಿಡಿದು ಕೂಸಿನ ಕುಲಾವಿ ಹೆಣೆಯುತ್ತಿದ್ದರು. ಹದಿನೈದು ದಿನ ಅವರ ಪಕ್ಕ ಕೂತು ಕಲಿತು ಬಂದೆ. ಪೂರ್ತಿ ಕಲಿತೆ ಎಂದು ತಿಳಿದುಕೊಂಡೇ ಬಂದೆ!

ಇನ್ನು ಸಾಮಾನು. ಗುರುಗುಂಟಾದ ಬೀರಪ್ಪ ಕುರಿ ಕಾಯುವವನು, ಕಂಬಳಿ ನೇಯುವವನು. ಸಂತೆಗೆ ಬಂದಾಗಲೆಲ್ಲ ನನಗೆ ಉಣ್ಣೆ ತರುತ್ತಿದ್ದ. ಕರಿಯದು ಒಂದು ಚೀಲ, ಬಿಳಿಯದು ಒಂದು ಚೀಲ, ಕಂದು ಬಣ್ಣದ್ದು ಅಪರೂಪವೆಂದು ಎರಡು ಚೀಲ. ನಮ್ಮ ಹೊಲದ ಹತ್ತಿಯ ಹಂಜಿ ಬೇರೆ. ಚೀಲ ತುಂಬಿದ ಮೇಲೆ ಗಡಿಗೆಗೆ ತುಂಬಿದೆ, ಗಡಿಗೆ ತುಂಬಿದ ಮೇಲೆ ಮದುವೆಯ ಟ್ರಂಕಿಗೆ ತುಂಬಿದೆ. ಟ್ರಂಕೂ ತುಂಬಿತು. ಒಂದು ದಿನ ಅತ್ತೆ ಜೋಳ ತೆಗೆಯಲು ಕತ್ತಲೆ ಕೋಣೆಯ ದೊಡ್ಡ ಮಣ್ಣಿನ ಹರವಿಗೆ ಕೈ ಹಾಕಿ, ಚಿಟ್ಟನೆ ಚೀರಿ ಹೊರಗೆ ಬಂದರು.

"ಎವ್ವಾ! ಹರವ್ಯಾಗ ಕುರಿ ಕುಂತೈತಿ!"

"ಕುರಿ ಅಲ್ರೀ ಅತ್ತಿ, ಬರೇ ಉಣ್ಣಿ."

"ಮತ್ತ ಜ್ವಾಳ ಎಲ್ಲಿಟ್ಟಿ ಬೇ?"

"ಅಟ್ಟದ ಮ್ಯಾಲ ಅದಾವ್ರೀ."

"ಅಲ್ಲಿ ಇಲಿ ತಿಂತಾವಲ್ಲ!"

"ಉಣ್ಣಿ ಅಲ್ಲಿಟ್ರ ಉಣ್ಣಿನ ತಿಂತಾವಲ್ರೀ, ಏನ್ ಮಾಡ್ಲಿ?" ಎಂದೆ. ಅತ್ತೆ ಹಣೆ ಬಡಿದುಕೊಂಡರು. ನನ್ನ ಮಾತಿನಲ್ಲಿದ್ದ ನ್ಯಾಯ ಅವರಿಗೆ ಹೊಳೆಯಲಿಲ್ಲ.

ಇಷ್ಟೊಂದು ಸಾಮಾನು ಇಟ್ಟುಕೊಂಡು ಒಂದೇ ಕೆಲಸ ಹಿಡಿದು ಕೂರುವುದು ಸಾಮಾನಿಗೆ ಮಾಡುವ ಅವಮಾನ. ಆದ್ದರಿಂದ ಯಜಮಾನರಿಗೆ ಕರಿ ಸ್ವೆಟರು, ಮಾವನವರಿಗೆ ಮಫ್ಲರು, ನನಗೊಂದು ಶಾಲು, ಅಕ್ಕನ ಮಗನಿಗೆ ಕಾಲುಚೀಲ, ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದೆ. ಒಂದು ಬೇಸರವಾದರೆ ಇನ್ನೊಂದು. ಎಲ್ಲವೂ ಬೇಸರವಾದರೆ ಚರಕ. ಒಂದು ಕಾಲುಚೀಲ ಮುಗಿದೂ ಮುಗಿಯಿತು! ಆದರೆ ಎರಡನೆಯದಕ್ಕೆ ಕೈ ಹಾಕುವ ಹೊತ್ತಿಗೆ ಶಾಲಿನ ಮೇಲೆ ಮನಸ್ಸಾಯಿತು. ಅಕ್ಕನ ಮಗನಿಗೆ ಎರಡು ಕಾಲುಗಳಿದ್ದದ್ದು ನನ್ನ ದುರ್ದೈವ.

ತೊಡಕು ಇದ್ದದ್ದು ಕಡ್ಡಿಗಳಲ್ಲಿ. ಸಿಂಧನೂರಿನ ಸೈಕಲ್ ಅಂಗಡಿಯಲ್ಲಿ ಚಕ್ರದ ಕಡ್ಡಿ ತಿಕ್ಕಿಸಿ ಮಾಡಿಸಿದ ಒಂದೇ ಒಂದು ಜೋಡಿ ನನ್ನಲ್ಲಿತ್ತು. ಕೆಲಸ ಬದಲಿಸುವಾಗ ಕಡ್ಡಿಯ ಮೇಲಿನ ಕುಣಿಕೆಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿಡಬೇಕು. ದಾರ ಜಾರಿತೋ, ಹೆಣೆದದ್ದೆಲ್ಲ ಸರಸರನೆ ಬಿಚ್ಚಿಹೋಗುತ್ತದೆ. ಹಾಗಾಗಿ ದಾರ ಗಟ್ಟಿಯಿರಬೇಕು, ನುಣುಪಿರಬೇಕು, ಉದ್ದವಿರಬೇಕು. ನಮ್ಮ ಮನೆಯಲ್ಲಿ ಈ ಮೂರು ಗುಣವೂ ಕೂಡಿದ್ದ ವಸ್ತುವೆಂದರೆ ಯಜಮಾನರ ಪಾಯಿಜಾಮದ ಲಾಡಿ.

ಶಾಲೆಗೆ ಇನ್ಸ್‌ಪೆಕ್ಟರರು ಬರುವ ದಿನ ಬೆಳಿಗ್ಗೆ ಒಳಗಿನಿಂದ ಕೂಗು ಕೇಳಿಸಿತು.

"ಏ, ನನ್ನ ಲಾಡಿ ಎಲ್ಲೈತಿ?"

"ಯಾವ ಲಾಡಿರೀ?"

"ಯಾವ್ದರೆ ಒಂದು ಕೊಡು!"

"ಒಂದು ಮಫ್ಲರಿನಾಗೈತಿ, ಒಂದು ಶಾಲಿನಾಗೈತಿ, ಇನ್ನೊಂದು ಸ್ವೆಟರಿನಾಗ..."

"ಪಾಯಿಜಾಮದಾಗ?"

"ಪಾಯಿಜಾಮದಾಗ ಒಂದೂ ಇಲ್ರೀ."

ಅವರು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದು ಕೈಯನ್ನು ಸ್ವೆಟರಿಗೆ ಚಾಚಿದರು. ನಾನು ಅಡ್ಡ ನಿಂತೆ.

"ಅದನ್ನ ಎಳದ್ರ ನನ್ನ ಎರಡು ತಿಂಗಳ ಕೆಲಸ ಹೊಕ್ಕೈತ್ರೀ!"

"ಎಳೀಲಿಲ್ಲಂದ್ರ ನನ್ನ ಹತ್ತು ವರ್ಷದ ನೌಕರಿ ಹೊಕ್ಕೈತಿ!"

ಕೊನೆಗೆ ನಾನೇ ರಾಜಿ ಮಾಡಿಸಿದೆ. ನಾನೇ ನೂತ ಕರಿ ಉಣ್ಣೆಯ ನೂಲನ್ನು ಜೋಡಿಸಿ ಹೊಸೆದು ಕೊಟ್ಟೆ. ಗಂಡನ ಮಾನವನ್ನು ಹೆಂಡತಿಯ ಕೈನೂಲು ಕಾಯುವುದಕ್ಕಿಂತ ಹೆಚ್ಚಿನ ಭಾಗ್ಯ ಇನ್ನೇನಿದೆ? ನೂಲು ಪ್ರಾರ್ಥನೆಯವರೆಗೆ ತಡೆಯಿತು. ಹಾಜರಿಯವರೆಗೂ ತಡೆಯಿತು. ಇನ್ಸ್‌ಪೆಕ್ಟರರು ಒಳಗೆ ಬಂದಾಗ ಯಜಮಾನರು ಬಗ್ಗಿ ನಮಸ್ಕಾರ ಮಾಡಿದರು. ಅಲ್ಲಿಗೆ ಮುಗಿಯಿತು! ಉದ್ದನೆಯ ಶೇರವಾನಿ ಇದ್ದದ್ದಕ್ಕೆ ಬಚಾವು. ಸೊಂಟ ಹಿಡಿದುಕೊಂಡು ನಿಂತವರನ್ನು ಕಂಡು ಇನ್ಸ್‌ಪೆಕ್ಟರರಿಗೆ ಕರುಣೆ ಬಂತಂತೆ. "ಮಾಸ್ತರ, ಹೊಟ್ಟಿ ನೋಯಾಕತ್ತೈತೇನು? ಮನೀಗೆ ಹೋಗ್ರಿ" ಎಂದರಂತೆ.

ಅವರು ಮನೆಗೆ ಬಂದ ರೀತಿ ನೋಡಿದ ಮೇಲೆ ಅತ್ತೆಯ ಸಹನೆಯ ಕಟ್ಟೆ ಒಡೆಯಿತು. ಅದೇ ವಾರ ಸಿಂಧನೂರಿನಿಂದ ಸುದ್ದಿ ಬಂದಿತ್ತು, ನಾದಿನಿಗೆ ಹೆಣ್ಣು ಕೂಸು ಹುಟ್ಟಿದೆ ಎಂದು. ಮೂರನೆಯ ಹೆರಿಗೆ, ಗಂಡನ ಮನೆಯಲ್ಲೇ ಆಗಿತ್ತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ತವರಿನ ಕುಲಾವಿ ಹೋಗಬೇಕು, ಅದು ಪದ್ಧತಿ. ಅತ್ತೆ ಪಡಸಾಲೆಯಲ್ಲಿ ಕೂತು ತಹಶೀಲದಾರರ ಗತ್ತಿನಲ್ಲಿ ಫೈಸಲಾ ಹೇಳಿದರು.

"ಈ ಸರ್ತಿ ಕುಲಾವಿ ಬಜಾರದಾಗ ತರಂಗಿಲ್ಲ, ನೀನ ಹೆಣಿಬೇಕು. ತೊಟ್ಟಿಲದ ದಿನಕ್ಕ ಪೂರಾ ಮುಗದಿರಬೇಕು, ಕೂಸಿನ ಉಪಯೋಗಕ್ಕ ಬರಬೇಕು. ಬಂತೋ, ನಿನ್ನ ಉಣ್ಣಿ ನಿನಗ. ಇಲ್ಲಂದ್ರ ಎಲ್ಲಾ ಬೀರಪ್ಪನ ಕಂಬಳಿಗೆ! ಅವಂಗ ಕತ್ತಿ ಹೊಡಕೊಂಡು ಬಾ ಅಂತ ಹೇಳಿ ಕಳಿಸೀನಿ."

ಕತ್ತೆಗೂ ಹೇಳಿ ಕಳಿಸಿಯಾಗಿತ್ತು! ನಾನು ಕತ್ತಲೆ ಕೋಣೆಗೆ ಹೋಗಿ ಹರವಿಯ ಉಣ್ಣೆಯಲ್ಲಿ ಮೊಣಕೈವರೆಗೆ ಕೈಯಿಟ್ಟು ಅತ್ತುಬಿಟ್ಟೆ. ನಗಬೇಡಿ. ಆ ಮನೆಯಲ್ಲಿ ಬೀಗದ ಕೈ ಅತ್ತೆಯದು, ಹೊಲ ಮಾವನವರದು, ಪಗಾರ ಯಜಮಾನರದು. ಉಣ್ಣೆಯೊಂದೇ ನನ್ನದು.

ಅಳು ಮುಗಿದ ಮೇಲೆ ಬಿಳಿ ಉಣ್ಣೆ ತೆಗೆದು ನೂತೆ. ಕಡ್ಡಿಗೆ ಹಾಕಿದರೆ ಹತ್ತು ಕುಣಿಕೆಗೊಮ್ಮೆ ನೂಲು ಹರಿಯುತ್ತದೆ. ಯಜಮಾನರ ಪಾಯಿಜಾಮ ಸಾರಿ ಹೇಳಿದ್ದೂ ಅದನ್ನೇ. ಸಂತೆಯ ದಿನ ಬೀರಪ್ಪ ಸಿಕ್ಕಾಗ ಕೇಳಿಯೇಬಿಟ್ಟೆ.

"ಬೀರಪ್ಪ, ನಿನ್ನ ಕಂಬಳಿ ಅಪ್ಪ ಹೊತ್ತು, ಮಗ ಹೊತ್ತು, ಮೊಮ್ಮಗ ಹೊತ್ರೂ ಹರಿಯಂಗಿಲ್ಲ. ನೂಲಿಗೆ ಏನ್ ಮಾಡ್ತಿ?"

"ಹುಣಸೀಬೀಜದ ಗಂಜಿ ಕುಡಸ್ತೀವ್ರೀ ಅವ್ವಾರ. ಬೀಜ ಹುರದು, ಸಿಪ್ಪಿ ತಗದು, ಅರದು ಕುದಸಬೇಕು. ಹಚ್ಚಿದ್ರ ನೂಲು ತಂತಿ ಆಗತೈತ್ರೀ. ಆದ್ರ..."

ಅವನ 'ಆದ್ರ' ಮುಗಿಯುವಷ್ಟರಲ್ಲಿ ನಾನು ಹುಣಸೆಬೀಜ ಹುಡುಕಿಕೊಂಡು ಅರ್ಧ ಸಂತೆ ದಾಟಿದ್ದೆ. ಆ ಗಂಜಿ ಮಗ್ಗಕ್ಕೆ ಬಿಗಿಯುವ ಹಾಸಿನ ನೂಲಿಗೇ ಹೊರತು ಹೆಣಿಗೆಯ ನೂಲಿಗಲ್ಲ ಎಂಬ ಸಣ್ಣ ಸಂಗತಿ ಆ 'ಆದ್ರ'ದ ಆಚೆ ಉಳಿಯಿತು.

ಗಂಜಿ ಕಾಸಿದೆ. ನೂಲನ್ನು ಅದ್ದಿ ಅಂಗಳದಲ್ಲಿ ಒಣಹಾಕಿದೆ. ಬೀರಪ್ಪ ಸುಳ್ಳು ಹೇಳಿರಲಿಲ್ಲ, ನೂಲು ತಂತಿಯೇ ಆಗಿತ್ತು! ಎಳೆದೆ, ಜಗ್ಗಿದೆ. ಹರಿಯಲಿಲ್ಲ. ಬಗ್ಗಲೂ ಇಲ್ಲ. ಒಂದೊಂದು ಕುಣಿಕೆಯನ್ನೂ ಹಲ್ಲು ಕಚ್ಚಿ ಬಗ್ಗಿಸಬೇಕಾಯಿತು. ಬಗ್ಗಿದ ಕುಣಿಕೆ ಕೂಸಿನ ಬಳೆಯಷ್ಟು ಅಗಲ. ನರ್ಸಬಾಯಿ ಹೇಳಿಕೊಟ್ಟಿದ್ದು ಅರವತ್ತು ಕುಣಿಕೆ, ಸಣ್ಣ ನೂಲಿನ ಲೆಕ್ಕ. ನಾನು ಪ್ರಾಮಾಣಿಕಳು. ಅರವತ್ತೇ ಹಾಕಿದೆ.

ಬೆರಳೆಲ್ಲ ಬೊಬ್ಬೆ ಎದ್ದವು. ಆದರೆ ಸ್ವೆಟರಿನ ಕಡೆ ಕಣ್ಣೆತ್ತಿ ನೋಡಲಿಲ್ಲ, ಶಾಲನ್ನು ಮುಟ್ಟಲಿಲ್ಲ. ಕೂತಲ್ಲಿ ಕೂತು, ಹನ್ನೊಂದೇ ದಿನಕ್ಕೆ, ಜೀವನದಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ತುದಿ ಮುಟ್ಟಿಸಿದೆ! ಹೆಮ್ಮೆಯಿಂದ ಯಜಮಾನರಿಗೆ ತೋರಿಸಿದೆ. ಅವರು ತಲೆಗೆ ಹಾಕಿಕೊಂಡು ನೋಡಿದರು. ಕುಲಾವಿ ಅವರ ಹೆಗಲ ಮೇಲೆ ಕೂತಿತು.

"ಇದು ಯಾರಿಗೆ?" ಒಳಗಿನಿಂದ ದನಿ ಬಂತು.

"ಕೂಸಿಗೆ."

"ಕೂಸು ನೋಡಿ ಬಂದವರು ಸಣ್ಣದೈತಿ ಅಂದಿದ್ರಲ್ಲ?"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನೇ ಮಾಡಿದ್ದೆ. ತೊಟ್ಟಿಲಿಗೆ ಎರಡೇ ದಿನ ಉಳಿದಿತ್ತು. ಆಗ ಒಂದು ಉಪಾಯ ಹೊಳೆಯಿತು. ಬಿಸಿನೀರಿಗೆ ಹಾಕಿದರೆ ಉಣ್ಣೆ ಮುದುಡುತ್ತದೆ ಎಂದು ಎಲ್ಲೋ ಕೇಳಿದ್ದೆ. ಒಲೆಯ ಮೇಲೆ ಬಿಸಿಯಾಗಿದ್ದದ್ದು ಇನ್ನಷ್ಟು ನೂಲಿಗೆಂದು ಹೊಸದಾಗಿ ಕಾಸಿದ್ದ ಗಂಜಿ. ಬಿಸಿ ಎಂದರೆ ಬಿಸಿ! ಕುಲಾವಿಯನ್ನು ಅದರಲ್ಲೇ ಮುಳುಗಿಸಿ ತೆಗೆದೆ. ದುಂಡಗೆ ಒಣಗಲೆಂದು ಬೋರಲು ಹಾಕಿದ ನೀರಿನ ಹರವಿಗೆ ತೊಡಿಸಿದೆ. ಸಂಜೆ ತೆಗೆದಾಗ ಹರವಿ ಯಾವುದು, ಕುಲಾವಿ ಯಾವುದು ಎಂದು ತಿಳಿಯದಂತಾಗಿತ್ತು. ಬೆರಳಿನಿಂದ ತಟ್ಟಿದೆ. ಟಕ್ ಟಕ್ ಎಂದಿತು.

ಅತ್ತೆ ಒಮ್ಮೆ ನೋಡಿದರು. "ಬೀರಪ್ಪ ತೊಟ್ಟಿಲದ ಮರುದಿನ ಬರ್ತಾನ" ಎಂದಷ್ಟೇ ಹೇಳಿದರು.

ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೊರಟೆವು. ಕುಲಾವಿ ಚೀಲಕ್ಕೆ ಹಿಡಿಯಲಿಲ್ಲ, ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ಬಂದ.

"ಅಕ್ಕಾರ, ಬುಟ್ಟಿ ಮ್ಯಾಲ ಹಾಕಸ್ರಿ."

"ಬುಟ್ಟಿ ಅಲ್ಲಪ್ಪ, ಕೂಸಿನ ಕುಲಾವಿ!"

ಅವನು ಕುಲಾವಿ ನೋಡಿದ, ನನ್ನ ಮುಖ ನೋಡಿದ, ಬಸ್ಸಿನ ತುಂಬ ಕಣ್ಣಾಡಿಸಿದ. "ಕೂಸು ಎಲ್ಲೈತ್ರೀ? ಅದಕ್ಕ ಪೂರಾ ಟಿಕೀಟು ಬೀಳತೈತಿ!" ಎಂದ. ಇಡೀ ಬಸ್ಸು ನಕ್ಕಿತು. ಯಜಮಾನರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು.

ಸಿಂಧನೂರಿನ ಬೀಗರದು ವ್ಯಾಪಾರಸ್ಥರ ಮನೆ, ಭಾರಿ ಪಡಸಾಲೆ, ಪಡಸಾಲೆ ತುಂಬ ಹೆಂಗಸರು. ಗುಗ್ಗರಿ, ಬೆಲ್ಲ, ಬಾಳೆಹಣ್ಣು ರಾಶಿ ಬಿದ್ದಿದ್ದವು. ಜನರ ಹತ್ತರಷ್ಟು ನೊಣ. ತೊಟ್ಟಿಲಲ್ಲಿ ಮಲಗಿಸಿದ್ದ ಕೂಸಿನ ಮೂಗು, ಕಣ್ಣು, ತುಟಿಯ ಮೇಲೆಲ್ಲ ನೊಣ ಕೂತು, ಅದು ಕಿರುಚಿ ಕಿರುಚಿ ಕೆಂಪಾಗಿತ್ತು. ಬೀಗತಿ, ಅಂದರೆ ನಾದಿನಿಯ ಅತ್ತೆ, ನನ್ನ ಕೈಯಿಂದ ಕುಲಾವಿ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇದೇನ್ರೀ ಬೀಗರ! ತವರಿನ ಕುಲಾವಿಯೋ, ಕೋಳಿ ಮುಚ್ಚೋ ಬುಟ್ಟಿಯೋ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣ ಮುಂದೆ ಬೀರಪ್ಪನ ಕತ್ತೆ ನನ್ನ ಕಂದು ಉಣ್ಣೆ ಹೊತ್ತು ನಡೆಯುತ್ತಿತ್ತು. ಆಗ ಅತ್ತೆ ಎದ್ದು ನಿಂತರು. ನನ್ನನ್ನು ಬೈಯುವ ಹಕ್ಕು ಲೋಕದಲ್ಲಿ ತಮ್ಮೊಬ್ಬರಿಗೇ ಇದೆ ಎಂಬುದು ಅವರ ಸಿದ್ಧಾಂತ. ಅದಕ್ಕೆ ಇನ್ನೊಬ್ಬರು ಕೈ ಹಾಕಿದ್ದು ಅವರಿಗೆ ಸಹನೆಯಾಗಲಿಲ್ಲ.

"ನಿಮಗ ಗೊತ್ತಿಲ್ಲಂದ್ರ ಕೇಳಿ ತಿಳ್ಕೋರಿ. ಇದು ತಲಿ ಕುಲಾವಿ ಅಲ್ಲ, ತೊಟ್ಟಿಲ ಕುಲಾವಿ! ನಮ್ಮ ಸೊಸಿ ಲಿಂಗಸುಗೂರಾಗ ಕಲತು ಬಂದಾಳ" ಎಂದವರೇ ಕುಲಾವಿ ಕಸಿದುಕೊಂಡು ತೊಟ್ಟಿಲಲ್ಲಿ ಕೂಸಿನ ತಲೆಯ ಕಡೆಗೆ ಗಪ್ಪನೆ ಕೂರಿಸಿದರು.

ಕುಲಾವಿ ಮಂಟಪದ ಹಾಗೆ ನೆಟ್ಟಗೆ ನಿಂತಿತು. ಕುಣಿಕೆಗಳ ತೂತಿನಿಂದ ಗಾಳಿ ಆಡಿತು. ಗಂಜಿ ಹಿಡಿದ ಉಣ್ಣೆಯ ಎಳೆಗಳು ತೂತಿಗೆ ಅಡ್ಡಲಾಗಿ ಮುಳ್ಳಿನಂತೆ ಎದ್ದಿದ್ದರಿಂದ ನೊಣ ಒಳಗೆ ತೂರಲಾರದೆ ಮೇಲೆಯೇ ಸುತ್ತಿದವು. ಕೂಸು ಬಿಕ್ಕಿತು, ಒಮ್ಮೆ ಮೇಲೆ ನೋಡಿತು, ಬೆರಳು ಚೀಪಿತು. ನಿದ್ದೆ ಹೋಯಿತು!

ಒಬ್ಬಾಕೆ ಬಗ್ಗಿ ನೋಡಿ, "ಎವ್ವಾ, ಒಂದ್ ನೊಣ ಸೈತ ಇಲ್ಲ!" ಎಂದಳು. ಇನ್ನೊಬ್ಬಾಕೆ ಟಕ್ ಟಕ್ ತಟ್ಟಿ ನೋಡಿ ತಲೆದೂಗಿದಳು. ನನ್ನ ಸುತ್ತ ಹೆಂಗಸರು ಮುತ್ತಿದರು. ನನ್ನ ಮಗಳಿಗೊಂದು, ನನ್ನ ಸೊಸೆಗೊಂದು, ಹೆರಿಗೆ ಮುಂದಿನ ತಿಂಗಳೈತಿ, ಜಲ್ದಿ ಬೇಕು! ಕೊನೆಗೆ ಬೀಗತಿಯೂ ಸೆರಗು ಸರಿಮಾಡಿಕೊಂಡು ಬಂದು, "ನಮ್ಮ ತಂಗಿ ಮೊಮ್ಮಗಂಗೂ ಒಂದು ಆಗ್ಲಿ ಬೇ" ಎಂದರು. ನಾನು ಹೆಣಿಗೆಯ ಮಹಾವಿದ್ವಾಂಸಳಂತೆ ಗಂಭೀರವಾಗಿ ಗುಗ್ಗರಿ ತಿನ್ನುತ್ತ, "ನೋಡೂಣ್ರೀ" ಎಂದೆ. ಆ ದಿನದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಾರನೆಯ ದಿನ ಬೀರಪ್ಪ ಕತ್ತೆಯೊಂದಿಗೆ ಬಂದ. ನಾನು ಬಾಗಿಲ ಹಿಂದೆ ನಿಂತೆ. ಅತ್ತೆ ಹೊರಗೆ ಹೋಗಿ, "ಕತ್ತಿ ಖಾಲಿ ಯಾಕ ತಂದಿ ಲೇ? ಹೋಗಿ ಇನ್ನೆರಡು ಚೀಲ ಬಿಳಿ ಉಣ್ಣಿ ಹೇರ್ಕೊಂಡು ಬಾ!" ಎಂದರು. ನನ್ನ ಉಣ್ಣೆ ನನ್ನದಾಗಿಯೇ ಉಳಿಯಿತು. ಜೋಳ ಅಟ್ಟದ ಮೇಲೆಯೇ ಉಳಿಯಿತು.

ಹೊಸ ಕುಲಾವಿಗೆ ನಾನು ಮೈಯೆಲ್ಲ ಬುದ್ಧಿಯಾಗಿ ಕೂತೆ. ಇಷ್ಟು ಮರ್ಯಾದೆ ಬಂದ ಮೇಲೆ ಕೆಲಸ ಶಾಸ್ತ್ರೋಕ್ತವಾಗಿಯೇ ಆಗಬೇಕು. ಲಿಂಗಸುಗೂರಿಗೆ ಹೋಗಿ ನರ್ಸಬಾಯಿಯ ಮುಂದೆ ತಪ್ಪು ಒಪ್ಪಿಕೊಂಡು ಮೊದಲಿನಿಂದ ಕಲಿತೆ. ಗಂಜಿ ಮುಟ್ಟಿಸಲಿಲ್ಲ. ಸಣ್ಣಗೆ ನೂತೆ, ಗಟ್ಟಿಯಾಗಿ ಹೊಸೆದೆ, ಕುಣಿಕೆ ಎಣಿಸಿ ಹೆಣೆದೆ. ಬೆಣ್ಣೆಯಷ್ಟು ಮೆತ್ತಗಿನ ಕುಲಾವಿ ಬಂತು, ಕೂಸಿನ ತಲೆಗೆ ಅಳತೆ ತೆಗೆದಂತೆ ಕೂರುವಂಥದ್ದು. ಅತ್ತೆಯ ಮುಂದಿಟ್ಟೆ.

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ನೆಲದ ಮೇಲೆ ನಿಲ್ಲಿಸಲು ಪ್ರಯತ್ನಿಸಿದರು. ಅದು ಮೆತ್ತಗೆ ಮಲಗಿಕೊಂಡಿತು.

"ಈ ಸರ್ತಿ ಕೆಡಿಸಿಬಿಟ್ಟೆಲ್ಲ ಬೇ!" ಎಂದರು.