ಸಾಹೇಬರ ಕೈ ಬೆಚ್ಚಗಾದದ್ದು

ಮನುಷ್ಯ ಯಾವುದರ ಬಗ್ಗೆ ಜಂಬಪಡುತ್ತಾನೋ ರೋಗ ಅಲ್ಲಿಗೇ ಬರುತ್ತದೆಂದು ಕಾಣುತ್ತದೆ. ಹಾಡುವವನಿಗೆ ಗಂಟಲು, ನಡೆಯುವವನಿಗೆ ಮೊಣಕಾಲು. ನನಗೆ ಬಂದದ್ದು ಬಲಗೈಗೆ. ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ರೈತರ ಅರ್ಜಿಗಳಿಗೆ ಸಹಿ ಹಾಕುವ ಅಧಿಕಾರಿ ನಾನು. ಇಡೀ ನೌಕರಿಯಲ್ಲಿ ಯಾರ ಮುಂದೆಯೂ ಕೈ ಚಾಚಿದವನಲ್ಲ. 'ಇಲ್ಲಿ ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಿಲ್ಲ' ಎಂಬ ಬೋರ್ಡನ್ನು ನಾನೇ ಬರೆಸಿ ನನ್ನ ಕೋಣೆಯ ಬಾಗಿಲಿಗೆ ಹಾಕಿಸಿದ್ದೇನೆ. ಆ ಹೆಸರೊಂದೇ ನನ್ನ ಗಳಿಕೆ. ಅದು ಹೇಗೆ ಹೋಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಚಹಾದಂಗಡಿಗಳಲ್ಲಿ ಅದನ್ನು ತಪ್ಪುತಪ್ಪಾಗಿ ಹೇಳುತ್ತಿದ್ದಾರೆ. ತಪ್ಪನ್ನು ನಾನು ಸಹಿಸುವುದಿಲ್ಲ.

ಬನಿಯನ್ನಿನ ಒಳಗೆ

ಶುರುವಾದದ್ದು ಬಚ್ಚಲುಮನೆಯಲ್ಲಿ. ಬನಿಯನ್ ತಲೆಯ ಮೇಲೆ ಬಂತು, ಎಡಗೈ ಹೊಕ್ಕಿತು, ಬಲಗೈ ಅರ್ಧದಲ್ಲೇ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಳೆದರೆ ಕಣ್ಣಲ್ಲಿ ನೀರು. ಕೆಲವು ವಾರಗಳಿಂದ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕೆಂಬುದು ನನ್ನ ನಿಯಮ. ಬನಿಯನ್ನಿನ ಕತ್ತಲೆಯಲ್ಲಿ ಸಾಕಷ್ಟು ಹೊತ್ತು ನಿಯಮ ಪಾಲಿಸಿದೆ. ಕೊನೆಗೆ, "ಸ್ವಲ್ಪ ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದೆ.

ಅವಳ ಬಳೆಯ ಸದ್ದು ಬಾಗಿಲವರೆಗೆ ಬಂದು ಅಲ್ಲೇ ನಿಂತಿತು.

"ಏನು ನೋಡ್ತಾ ನಿಂತೆ?"

"ಏನಿಲ್ರಿ. ಮದಿವಿ ಆದಾಗಿಂದ ನೀವು ಸಹಾಯ ಕೇಳಿದ್ದು ಇದಾ ಮೊದಲ್ನೇ ಸಲ. ಖರೇನಾ ನಮ್ಮನಿಯವರೇನಾ ಅಂತ ಮುಖ ನೋಡಾನಂದ್ರ, ಮುಖಾನಾ ಕಾಣವಲ್ದು."

ವಾಸಿಯಾಗುವ ತಾರೀಖು

ಹರಪನಹಳ್ಳಿಯ ವೈದ್ಯರೊಬ್ಬರು ಕೈಯನ್ನು ಮೇಲೆತ್ತಿಸಿ, ಪಕ್ಕಕ್ಕೆ ಸರಿಸಿ, ಬೆನ್ನ ಹಿಂದಕ್ಕೆ ಒಯ್ಯಿಸಿ ನೋಡಿದರು. ಯಾವ ದಿಕ್ಕಿಗೂ ಅದು ಪೂರ್ತಿ ಹೋಗಲಿಲ್ಲ.

"ಫ್ರೋಜನ್ ಶೋಲ್ಡರ್ ಸರ್. ಭುಜದ ಕೀಲಿನ ಸುತ್ತ ಒಂದು ತೆಳ್ಳನೆ ಚೀಲ ಇರ್ತೈತಿ. ಅದು ದಪ್ಪಾಗಿ ಬಿಗಿದುಕೊಂಡೈತಿ. ಶುಗರ್ ಇದ್ದೋರಿಗೆ ಜಾಸ್ತಿ, ಅದನ್ನೂ ಚೆಕ್ ಮಾಡಿಸ್ರಿ. ಮೊದಲು ನೋವು, ಆಮೇಲೆ ಬಿಗಿ, ಆಮೇಲೆ ನಿಧಾನಕ್ಕೆ ತಾನೇ ಸಡಿಲ ಆಗ್ತೈತಿ. ಶಾಖ ಕೊಡ್ರಿ, ತಡಕೊಳ್ಳೋವಷ್ಟು ವ್ಯಾಯಾಮ ಮಾಡ್ರಿ. ಜಗ್ಗಿ ಬಿಡಿಸ್ತೀನಿ ಅಂತ ಯಾರಾದ್ರೂ ಬಂದ್ರೆ ಮಾತ್ರ ಕೈ ಕೊಡಬ್ಯಾಡ್ರಿ."

"ಯಾವ ತಾರೀಖಿಗೆ ವಾಸಿಯಾಗುತ್ತದೆ?"

"ವರ್ಷ ಆಗಬಹುದು, ಎರಡೂ ಆಗಬಹುದು."

"ಇದೇನು ಉತ್ತರ ಡಾಕ್ಟ್ರೇ? ನನಗೆ ಖಚಿತವಾಗಿ ಬೇಕು."

ವೈದ್ಯರು ಚೀಟಿಯಿಂದ ತಲೆ ಎತ್ತಲಿಲ್ಲ. "ನಮ್ಮ ಮಾವನ ಅರ್ಜಿ ನಿಮ್ಮ ಆಫೀಸಿನಾಗೈತಿ ಸರ್. ಅದು ಯಾವ ತಾರೀಖಿಗೆ ಅಂತ ನೀವು ಹೇಳ್ರಿ, ಇದು ಯಾವ ತಾರೀಖಿಗೆ ಅಂತ ನಾನು ಹೇಳ್ತೀನಿ."

ಏಳದ ಕೈ

ಕೂಡ್ಲಿಗಿಯಲ್ಲಿ ನಡೆದ ಸಭೆಯಲ್ಲಿ ಮೇಲಧಿಕಾರಿಗಳು ಗುಡುಗಿದರು: "ಈ ವರ್ಷದ ಗುರಿ ಮುಟ್ಟದವರು ಕೈ ಎತ್ತಿ!"

ಎಲ್ಲರ ಕೈಗಳೂ ಎದ್ದವು. ನಾನೂ ಎತ್ತಿದೆ, ಅದು ಮೇಜಿನ ಮಟ್ಟ ದಾಟಲಿಲ್ಲ. ಎಡಗೈಯಲ್ಲಿ ತುಂಬಿದ ಚಹಾದ ಲೋಟ. ಅದನ್ನು ಇಡಲು ಜಾಗ ಹುಡುಕುವಷ್ಟರಲ್ಲಿ ಮೇಲಧಿಕಾರಿಗಳು ನನ್ನತ್ತ ಬೆರಳು ತೋರಿಸಿ, "ನೋಡಿ, ಅವರನ್ನು ನೋಡಿ ಕಲಿಯಿರಿ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಹಡಗಲಿಯ ಅಧಿಕಾರಿ ಕಿವಿಯಲ್ಲಿ, "ಸುಮ್ಕ ಕುಂದರ್ರಿ ಸರ್, ಬಂದ ಹೆಸರು ಬರ್ಲಿ" ಎಂದರು.

ನಾನು ಹಾಗೆ ಕೂರುವವನಲ್ಲ. ಎದ್ದು ನಿಂತೆ. "ಸರ್, ಗುರಿ ನನ್ನದೂ ಮುಟ್ಟಿಲ್ಲ. ನನ್ನ ಕೈ ಏಳುವುದಿಲ್ಲ."

ಮೇಲಧಿಕಾರಿಗಳು ಕನ್ನಡಕ ತೆಗೆದರು. "ಕೆಲಸಕ್ಕೂ ಏಳಲಿಲ್ಲ, ಒಪ್ಪಿಕೊಳ್ಳೋದಕ್ಕೂ ಏಳಲಿಲ್ಲ. ಸಂಬಳಕ್ಕೆ ಮಾತ್ರ ಎಷ್ಟೆತ್ತರಕ್ಕೆ ಏಳುತ್ತೆ?"

ಲೋಲಕ

ವೈದ್ಯರು ಹೇಳಿದ್ದ ವ್ಯಾಯಾಮ ಸರಳ. ಮೊದಲು ಬಿಸಿನೀರಿನ ಚೀಲದಿಂದ ಭುಜಕ್ಕೆ ಶಾಖ. ಆಮೇಲೆ ಎಡಗೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಜೋತುಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗುವುದು. ಊಟದ ವಿರಾಮದಲ್ಲಿ ಕಚೇರಿಯಲ್ಲೇ ಮಾಡುತ್ತಿದ್ದೆ.

ಅಂದು ಕೋಗಳಿಯ ಒಬ್ಬ ಮುದಿ ರೈತ ಬಂದಿದ್ದ, ನಮ್ಮ ಕಡೆಯ ಮಾತಿನಲ್ಲಿ ಯಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅರ್ಜಿ. ಅರ್ಜಿಯಲ್ಲಿ 'ಕೋಗಳಿ', ಪಹಣಿಯಲ್ಲಿ 'ಕೊಗಳಿ' ಎಂದು ಇದ್ದುದಕ್ಕೆ ಅವನನ್ನು ಹಿಂದೆ ವಾಪಸು ಕಳಿಸಿದ್ದೆ. ಈಗ ಸರಿಮಾಡಿಸಿಕೊಂಡು ಬಂದಿದ್ದ. ಹೊರಗೆ ನಮ್ಮ ಅಟೆಂಡರ್ ಅವನಿಗೆ ಹೇಳಿದ್ದು ನನಗೂ ಕೇಳಿಸಿತು: "ಸ್ವಲ್ಪ ತಡಿ ಯಜ್ಜಾ. ಸಾಹೇಬ್ರು ಕೈ ಬೆಚ್ಚಗ ಮಾಡ್ಕಳಾಕ ಹತ್ಯಾರ."

"ಅಯ್ಯ ನಿನ! ಇದನ್ನ ಮೊದಲಾ ಹೇಳಬಾರದೇನೋ ತಮ್ಮಾ!"

ಬಾಗಿಲು ತಳ್ಳಿಕೊಂಡು ಯಜ್ಜ ಒಳಗೆ ಬಂದ. ಅಧಿಕಾರಿ ಮೇಜಿನ ಮೇಲೆ ಬಗ್ಗಿದ್ದಾನೆ. ಮುಖ ಅತ್ತ. ಮೇಜಿನ ಕೆಳಗೆ ಅಂಗೈ ಅರಳಿಸಿಕೊಂಡು ಒಂದು ಕೈ ಆಚೆ ಈಚೆ ಆಡುತ್ತಿದೆ. ಯಜ್ಜ ಹೆಚ್ಚು ಯೋಚಿಸಲಿಲ್ಲ. ಮಡಿಚಿದ ನೋಟೊಂದನ್ನು ಆ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಿಸಿದ.

"ಏಯ್! ಏನಿದು? ತಗೋ ವಾಪಸ್ಸು!" ಎಂದು ಕಿರುಚಿ ಕೈಯನ್ನು ಮುಂದಕ್ಕೆ ಬೀಸಿದೆ. ಸಿಡಿಲು ಹೊಡೆದಂತೆ ನೋವು. ಕೈ ಅಲ್ಲೇ ಮೇಜಿನ ಕೆಳಗೆ ನಿಂತಿತು. ನಾನು ಹಲ್ಲು ಕಚ್ಚಿ ನರಳಿದೆ.

ಯಜ್ಜ ನನ್ನ ಮುಖ ನೋಡಿದ. "ಕಡಿಮಿ ಆತೇನ್ರಿ?" ಎಂದು ಇನ್ನೊಂದು ನೋಟು ತುರುಕಿದ.

ಕೂಗು ಕೇಳಿ ಕಚೇರಿಯೆಲ್ಲ ಬಾಗಿಲಿಗೆ ಬಂತು. ಮೇಲೆ ನನ್ನ ಬೋರ್ಡು, ಕೆಳಗೆ ನೋಟು ಹಿಡಿದ ನನ್ನ ಕೈ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಈಗ ಸಹಿ ಹಾಕಿದರೆ ದುಡ್ಡಿಗೆ ಹಾಕಿದಂತೆ. ಹಾಕದಿದ್ದರೆ, ಕಾಗದ ಸರಿಯಿರುವ ಮನುಷ್ಯ ನನ್ನ ಮಾನದ ಸಲುವಾಗಿ ಮತ್ತೆ ಬರಿಗೈಲಿ ಬಸ್ಸು ಹತ್ತಬೇಕು. ಒಂದು ಅಕ್ಷರದ ದೀರ್ಘಕ್ಕೆ ಅವನನ್ನು ಅಲೆಸಿದವನು ನಾನೇ ಅಲ್ಲವೆ? ನೋಟುಗಳನ್ನು ಎಡಗೈಯಿಂದ ಅಟೆಂಡರನಿಗೆ ಕೊಟ್ಟೆ. ಎಲ್ಲರೂ ನೋಡುತ್ತಿರುವಂತೆಯೇ, ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು ಸಹಿ ಹಾಕಿದೆ.

ಹೊರಗೆ ಅಟೆಂಡರ್ ದುಡ್ಡು ಹಿಂತಿರುಗಿಸುವುದು ಕಿಟಕಿಯಿಂದ ಕೇಳಿಸಿತು. "ತಗಾ ಯಜ್ಜಾ, ನಮ್ ಸಾಹೇಬ್ರು ಅಂಥೋರಲ್ಲ. ಅವರು ಮಾಡಾಕತ್ತಿದ್ದು ವ್ಯಾಯಾಮ."

"ಗೊತ್ತೈತಿ ಬಿಡಪಾ," ಎಂದ ಯಜ್ಜ. "ಎಲ್ಲಾ ಆಫೀಸಿನಾಗೂ ಅದಾ ವ್ಯಾಯಾಮ. ಆದ್ರ ಪಾಪ, ಇಷ್ಟು ಕಷ್ಟಪಟ್ಟು ಮಾಡೋರನ್ನ ನಾ ಎಲ್ಲೂ ನೋಡಿದ್ದಿಲ್ಲ!"