ಮುಂದಿನ ಸೀಟಿನ ಹಸಿ ಹೆಜ್ಜೆ

ಕಾರಿನ ಬಾನೆಟ್ ಎತ್ತಿ, ಇಂಜಿನ್ ತಂಪಾಗಿಡುವ ಕೂಲಂಟಿನ ಡಬ್ಬಿಯನ್ನು ನೋಡಿದ ವಿಬುಧೇಂದ್ರ, ತಾನೇ ಕಲಿಸಿದ ಪಾಠದಲ್ಲಿ ತಾನೇ ಫೇಲಾದವನಂತೆ ನಿಂತುಬಿಟ್ಟ. ಹೋದ ವಾರ ಮೇಲಿನ ಗೆರೆಯವರೆಗೆ ತುಂಬಿಸಿದ್ದ ಗುಲಾಬಿ ಬಣ್ಣದ ನೀರು ಮತ್ತೆ ಕೆಳಗಿನ ಗೆರೆಗಿಂತ ಕೆಳಗೆ ಇಳಿದಿತ್ತು. ಬಗ್ಗಿ ಕಾರಿನ ಕೆಳಗೆ ನೋಡಿದ. ಸಿಮೆಂಟಿನ ನೆಲ ಬೇಸಿಗೆಯ ಹಪ್ಪಳದ ಹಾಗೆ ಒಣಗಿತ್ತು. ಒಂದು ಹನಿಯೂ ಬಿದ್ದಿರಲಿಲ್ಲ.

ಅವನು ಮಾನ್ವಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ರಾಯಚೂರಿನ ಮನೆಯಿಂದ ದಿನವೂ ಕಾರಿನಲ್ಲಿ ಹೋಗಿ ಬರುತ್ತಿದ್ದ. ಯಾವ ವಸ್ತುವೂ ಸುಮ್ಮನೆ ಮಾಯವಾಗುವುದಿಲ್ಲ, ಎಲ್ಲಿಗಾದರೂ ಹೋಗಲೇಬೇಕು ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಂಡು ಬಂದವನು. ಸರ್ವಿಸ್ ಸೆಂಟರಿಗೆ ಎರಡು ಸಲ ಒಯ್ದಾಗಲೂ ಅಲ್ಲಿನ ಸಲಾವುದ್ದೀನ್ ಇಂಜಿನ್ ಪಕ್ಕದ ಪೈಪುಗಳನ್ನೆಲ್ಲ ಒತ್ತಿ ನೋಡಿ, "ಲೀಕ್ ಎಲ್ಲೂ ಇಲ್ಲ ಸರ್. ಲೀಕ್ ಕಂಡ್ರ ಮಾತ್ರ ವಾರಂಟಿ ಒಳಗ ಮಾಡಿಕೊಡ್ತೀವಿ" ಎಂದು ಕಳಿಸಿದ್ದ. ಕಾರಿನ ವಾರಂಟಿ ಇವತ್ತಿಗೆ ಮುಗಿಯುತ್ತಿತ್ತು.

"ಮತ್ತ ಇಳದದೇನ್ರಿ ಆಚಾರ್ರ?" ಎಂದು ಕಂಪೌಂಡಿನ ಆಚೆಯಿಂದ ಈರಯ್ಯನ ತಲೆ ಮೇಲೆದ್ದಿತು. ಈರಯ್ಯ ಅಕ್ಕಿ ಗಿರಣಿಯ ಮಾಲೀಕ. ಗಿರಣಿಯನ್ನು ಮಗ ನೋಡಿಕೊಳ್ಳುತ್ತಿದ್ದುದರಿಂದ ಓಣಿಯನ್ನು ತಾನು ನೋಡಿಕೊಳ್ಳುತ್ತಿದ್ದ.

"ಇಳದದ್ರಿ."

"ನೆಲದ ಮ್ಯಾಲ ಹನಿ ಇಲ್ಲ, ಡಬ್ಬ್ಯಾಗ ನೀರಿಲ್ಲ. ಅಂದಮ್ಯಾಲ ಯಾರೋ ಕುಡಿಯಾಕತ್ತಾರ."

"ಆವಿ ಆಗಿರಬಹುದ್ರಿ."

"ಆವಿ ಆಗಾಕ ಅದೇನು ಚಾದ ಪಾತೇಲಿ ಏನ್ರಿ? ಇರ್ಲಿ, ದೇವದುರ್ಗಕ್ಕ ಹೊಂಟೀರಂತಲ್ಲ? ನಂದೂ ಅಲ್ಲಿ ಸ್ವಲ್ಪ ಕೆಲಸ ಅದ, ಬರ್ತೀನಿ" ಎಂದು ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಬಂದೇಬಿಟ್ಟ.

ದೇವದುರ್ಗಕ್ಕೆ ಹೋಗದೆ ಗತಿಯಿರಲಿಲ್ಲ. ವಿಬುಧೇಂದ್ರನ ಅತ್ತೆ ವೆಂಕೂಬಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಹೆಂಡತಿ ಶ್ರೀವಲ್ಲಿ ಒಬ್ಬಳೇ ಮಗಳಾದ್ದರಿಂದ ಅಳಿಯನೇ ಶ್ರಾದ್ಧ ಮಾಡಬೇಕು. ನಾಡಿದ್ದು ತಿಥಿ. ದೇವದುರ್ಗದಲ್ಲಿದ್ದ ವೆಂಕೂಬಾಯಿಯ ಅಕ್ಕ ಸತ್ಯಭಾಮಾಬಾಯಿಯನ್ನು ಇವತ್ತೇ ಕರೆತರಬೇಕಿತ್ತು. ಅವರನ್ನು ಮನೆಗೆ ಬಿಟ್ಟು, ಸರ್ವಿಸ್ ಸೆಂಟರ್ ಬಾಗಿಲು ಹಾಕುವ ಮುಂಚೆ ಕೊನೆಯ ಸಲ ಕಾರು ತೋರಿಸುವುದೆಂದು ವಿಬುಧೇಂದ್ರ ಲೆಕ್ಕ ಹಾಕಿದ. ಡಬ್ಬಿಗೆ ಕೂಲಂಟ್ ಸುರಿದು ಬಾನೆಟ್ ಮುಚ್ಚಿದ.

ಮುಂದಿನ ಎಡಗಡೆ ಬಾಗಿಲು ತೆಗೆದ ಈರಯ್ಯ ಒಂದು ಕಾಲು ಎತ್ತಿದವನು ಎತ್ತಿದಂತೆಯೇ ನಿಂತ.

"ಆಚಾರ್ರ, ಇಲ್ಲಿ ಯಾರು ಕುಂತಿದ್ರು?"

"ಯಾರೂ ಇಲ್ಲ. ನಾನೊಬ್ಬನ ಓಡಾಡ್ತೀನಿ."

"ಮತ್ತಿವು?"

ಕಾಲಿಡುವ ಮ್ಯಾಟಿನ ಮೇಲೆ ಎರಡು ಹಸಿ ಹೆಜ್ಜೆಗಳಿದ್ದವು. ಅಕ್ಕಪಕ್ಕ ಜೋಡಿಸಿಟ್ಟಂತೆ, ಸಣ್ಣವು, ಸ್ನಾನ ಮಾಡಿ ಬಂದ ಹೆಂಗಸಿನ ಪಾದಗಳ ಹಾಗೆ. ವಿಬುಧೇಂದ್ರ ಬೆರಳಿಟ್ಟು ನೋಡಿದ. ಜಿಡ್ಡು. ಬೆಲ್ಲದ ಪಾಕ ಕಾಯಿಸಿದಂಥ ಒಂದು ಸಿಹಿ ವಾಸನೆ. ಮ್ಯಾಟಿಗೆ ಎರಡು ಕಡೆ ತಗ್ಗು ಇರುತ್ತದೆ, ನೀರು ಅಲ್ಲೇ ನಿಲ್ಲುತ್ತದೆ ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಈರಯ್ಯ ಆ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಾಗಿತ್ತು.

ಕಲ್ಮಲ ದಾಟುತ್ತಿದ್ದಂತೆ ಟಿಣ್ ಟಿಣ್ ಎಂದು ಸದ್ದು ಶುರುವಾಯಿತು. ಮುಂದಿನ ಪ್ರಯಾಣಿಕರು ಬೆಲ್ಟ್ ಹಾಕಿಲ್ಲವೆಂದು ಕೆಂಪು ದೀಪ ಮಿನುಗತೊಡಗಿತು. ಸೀಟು ಖಾಲಿ.

"ಸೀಟಿನ ಕೆಳಗಿನ ವೈರಿಗೆ ನೀರು ತಾಗಿರಬೇಕ್ರಿ," ಎಂದ ವಿಬುಧೇಂದ್ರ.

"ಏನರ ಆಗಿರ್ಲಿ. ಮೊದಲ ಅವರಿಗೆ ಬೆಲ್ಟ್ ಹಾಕ್ರಿ," ಎಂದ ಈರಯ್ಯ ಹಿಂದಿನಿಂದ, ದನಿ ತಗ್ಗಿಸಿ.

ವಿಬುಧೇಂದ್ರ ಬದಿಗೆ ನಿಲ್ಲಿಸಿ ಖಾಲಿ ಸೀಟಿಗೆ ಬೆಲ್ಟ್ ಬಿಗಿದ. ಸದ್ದು ನಿಂತಿತು. ಈರಯ್ಯ ಎಲೆ ಅಡಿಕೆ ಮಡಚಿ ಬಾಯಿಗೆ ಹಾಕುವ ಮೊದಲು ಮುಂದಿನ ಸೀಟಿನತ್ತ ಕೈ ಚಾಚಿ, "ಯವ್ವಾ, ನಿಮಗ ಬೇಕೇನ್ರಿ?" ಎಂದು ಕೇಳಿ, ಉತ್ತರ ಬರದಿದ್ದುದಕ್ಕೆ ನಿಟ್ಟುಸಿರು ಬಿಟ್ಟ.

ದೇವದುರ್ಗದ ಮನೆಯಿಂದ ಚೀಲ ಹಿಡಿದು ಹೊರಬಂದ ಸತ್ಯಭಾಮಾಬಾಯಿ ಕಾರಿನ ಮುಂದಿನ ಬಾಗಿಲು ತೆರೆದು, ಮೂಗರಳಿಸಿ, ಕೆಳಗೆ ನೋಡಿದರು. ಯಾರಿಗೂ ಹೆದರಿದ ಮುದುಕಿಯಲ್ಲ ಅವರು. ಈಗಲೂ ಹೆದರಲಿಲ್ಲ. ಕಣ್ಣು ತುಂಬಿಕೊಂಡರು.

"ವೆಂಕೂ," ಎಂದರು.

ವಿಬುಧೇಂದ್ರನ ಬೆನ್ನ ಮೇಲೆ ಹಲ್ಲಿ ಬಿದ್ದಂತಾಯಿತು. ಅತ್ತೆ ಬದುಕಿದ್ದಾಗ ಸ್ನಾನ ಮಾಡಿ ಮಡಿಯುಟ್ಟು ಬಚ್ಚಲಿನಿಂದ ದೇವರ ಕೋಣೆಯವರೆಗೆ ಹಸಿ ಪಾದ ಊರಿಕೊಂಡು ಹೋಗುತ್ತಿದ್ದರು. ಆ ಹೆಜ್ಜೆ ಆರುವವರೆಗೂ ಮನೆಯಲ್ಲಿ ಯಾರೂ ಅವನ್ನು ತುಳಿಯುವಂತಿರಲಿಲ್ಲ. ಬೆಲ್ಲದ ಪಾಕದ ಶೇಂಗಾ ಉಂಡಿ ಅವರ ಕೈಯಲ್ಲೇ ಆಗಬೇಕಿತ್ತು. ಕಾರಿನಲ್ಲಿ ಮುಂದಿನ ಸೀಟು ಅವರದೇ.

"ದೊಡ್ಡಮ್ಮ, ಅದು ಕೂಲಂಟ್ ಇರಬಹುದು. ಅದರ ವಾಸನಿನೂ ಸಿಹಿ ಇರ್ತದ," ಎಂದ. ಹೇಳಿದ ಮೇಲೆ ತನ್ನ ಮಾತಿನಲ್ಲೇ ಏನೋ ಇದೆ ಎನಿಸಿತು. ಆದರೆ ಅದನ್ನು ಹಿಡಿಯಲು ಸತ್ಯಭಾಮಾಬಾಯಿ ಬಿಡಲಿಲ್ಲ.

"ಅಳಿಯಂದ್ರ, ನಾ ಹಿಂದ ಕೂಡ್ತೀನಿ. ಆಕಿ ಜಾಗಾ ಆಕಿಗೇ ಇರ್ಲಿ."

ಕಾರು ಹೊರಟಿತು. ಸತ್ಯಭಾಮಾಬಾಯಿ ಮುಂದಿನ ಸೀಟಿನ ಬೆನ್ನಿಗೆ ಕೈಯಿಟ್ಟು ವರ್ಷದ ಸುದ್ದಿಯನ್ನೆಲ್ಲ ಹೇಳತೊಡಗಿದರು. ಪಕ್ಕದ ಮನೆಯವರು ಗೋಡೆ ಒತ್ತಿ ಕಟ್ಟಿದ್ದು, ತಮ್ಮ ಮೊಣಕಾಲಿನ ನೋವು, ಮಠದ ಬಾವಿ ಬತ್ತಿದ್ದು. ನಡುನಡುವೆ, "ಹೌದವಾ, ಖರೇ ಹೇಳಿದಿ" ಎಂದು ನಗುತ್ತಿದ್ದರು. ಅವರಿಗೆ ಕೇಳಿಸಿದ್ದೇನೆಂಬುದು ವಿಬುಧೇಂದ್ರನಿಗೆ ಕೇಳಿಸಲಿಲ್ಲ. ಈರಯ್ಯ ಬಾಗಿಲಿಗೆ ಅಂಟಿಕೊಂಡು, ಮಡಚಿಟ್ಟ ಕೊಡೆಯಷ್ಟು ಸಣ್ಣಗಾಗಿದ್ದ.

ಗಬ್ಬೂರು ದಾಟಿದ ಮೇಲೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹತ್ತಿ ಕಿತ್ತು ಬಯಲಾದ ಕರಿಹೊಲಗಳು ಎರಡೂ ಕಡೆ ಬಾಯಿಬಿಟ್ಟು ಬಿದ್ದಿದ್ದವು. ದೂರದಲ್ಲಿ ಡಾಂಬರಿನ ಮೇಲೆ ಇಲ್ಲದ ನೀರು ಹೊಳೆಯುತ್ತಿತ್ತು. ಹತ್ತಿರ ಹೋದಂತೆ ಅದು ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರತೊಡಗಿತು.

ಇಂಜಿನ್ ಕಾದಾಗ ಹೀಟರ್ ಪೂರ್ತಿ ಹಾಕಿದರೆ ಅದರ ಶಾಖ ಸ್ವಲ್ಪ ಹೊರಬೀಳುತ್ತದೆಂದು ವಿಬುಧೇಂದ್ರನಿಗೆ ಗೊತ್ತಿತ್ತು. ಎ.ಸಿ. ಆರಿಸಿ, ಕಾರು ಕೊಂಡಂದಿನಿಂದ ಮುಟ್ಟದಿದ್ದ ಗುಂಡಿಯನ್ನು ಕೆಂಪಿನ ಕಡೆಗೆ ಪೂರ್ತಿ ತಿರುಗಿಸಿದ. ರಾಯಚೂರು ಸೀಮೆಯ ನಡುಬೇಸಿಗೆಯ ಮಧ್ಯಾಹ್ನ ಕಾರಿನಲ್ಲಿ ಹೀಟರ್ ಹಾಕಿದ ಮೊದಲ ಮನುಷ್ಯ ಅವನೇ ಇರಬೇಕು.

"ಯಪ್ಪಾ, ಸುಡಾಕತ್ತೈತಿ! ಏನ್ ಮಾಡಾಕತ್ತೀರಿ ಆಚಾರ್ರ?" ಎಂದು ಈರಯ್ಯ ಕೂಗಿದ.

ಅಷ್ಟರಲ್ಲೇ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಬೆಳ್ಳನೆಯ ಹಬೆ ಮೆಲ್ಲಗೆ ಹೊರಬಂತು. ಯಾರೋ ಬಹಳ ಹೊತ್ತು ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಂತೆ. ಪಾಕದ ವಾಸನೆ ಕಾರು ತುಂಬಿತು. ಮುಂದಿನ ಗಾಜು ಮಂಜುಗಟ್ಟಿ ಬಿಳುಪಾಯಿತು. ವಿಬುಧೇಂದ್ರ ಬ್ರೇಕ್ ಒತ್ತಿ ನಿಲ್ಲಿಸಿದ. ಖಾಲಿ ಸೀಟಿನ ಎದುರಿಗೆ, ಆ ಬಿಳುಪಿನ ನಡುವೆ, ಒಂದು ಕೈ ಮೂಡತೊಡಗಿತು. ಮೊದಲು ಅಂಗೈ. ಆಮೇಲೆ ಒಂದೊಂದೇ ಬೆರಳು.

ಈರಯ್ಯ ಬಾಗಿಲು ತೆರೆದದ್ದು ಯಾರಿಗೂ ಕಾಣಲಿಲ್ಲ. ಅವನು ಹೊಲದಲ್ಲಿ ಧೋತರ ಎತ್ತಿ ಓಡುತ್ತಿದ್ದುದು ಮಾತ್ರ ಕಂಡಿತು. ಸತ್ಯಭಾಮಾಬಾಯಿ ಕೈಮುಗಿದು ಕುಳಿತಿದ್ದರು.

ವಿಬುಧೇಂದ್ರ ಬೆವರಿನಲ್ಲಿ ತೊಯ್ದು ಆ ಕೈಯನ್ನೇ ನೋಡಿದ. ಆಮೇಲೆ ಹಬೆಯನ್ನು ನೋಡಿದ, ಮ್ಯಾಟನ್ನು ನೋಡಿದ. ಥಟ್ಟನೆ ಸ್ಟೀರಿಂಗಿಗೆ ಗುದ್ದಿದ.

"ಹೀಟರ್ ಕೋರ್! ದೊಡ್ಡಮ್ಮ, ಹೀಟರ್ ಕೋರ್ ಸೋರ್ಲಿಕ್ಕತ್ತದ! ಡ್ಯಾಶ್‌ಬೋರ್ಡಿನ ಒಳಗ ಒಂದು ಸಣ್ಣ ರೇಡಿಯೇಟರ್ ಇರ್ತದ. ಇಂಜಿನ್ನಿನ ಕೂಲಂಟ್ ಅದರಾಗೂ ಹಾದು ಹೋಗ್ತದ. ಅದಕ್ಕ ನೆಲದ ಮ್ಯಾಲ ಬೀಳದ ಕಾರಿನ ಒಳಗ ಬಿದ್ದದ. ಹಸಿ ಹೆಜ್ಜಿ ಅದರದು, ವಾಸನಿ ಅದರದು, ಮಂಜೂ ಅದರದು!"

"ಕೈ ಯಾರದು?" ಎಂದರು ಸತ್ಯಭಾಮಾಬಾಯಿ.

"ಅದು... ಗಾಜಿಗೆ ಎಂದೋ ಹತ್ತಿದ ಎಣ್ಣಿ ಜಿಡ್ಡು. ಜಿಡ್ಡಿದ್ದಲ್ಲಿ ಮಂಜು ಬ್ಯಾರೆ ತರಾ ಕೂಡ್ತದ."

"ಯಾರ ಕೈ ಅಂತ ಕೇಳಿದೆ, ಅಳಿಯಂದ್ರ."

ವಿಬುಧೇಂದ್ರ ಬಗ್ಗಿ ಆ ಬೆರಳುಗಳನ್ನು ಹತ್ತಿರದಿಂದ ನೋಡಿದ. ಅವನು ಸ್ವಲ್ಪ ಜೋರಾಗಿ ಓಡಿಸಿದಾಗಲೆಲ್ಲ ಅತ್ತೆ ಮುಂದಕ್ಕೆ ಬಾಗಿ, ಅದೇ ಜಾಗದಲ್ಲಿ ಗಾಜಿಗೆ ಕೈ ಕೊಟ್ಟು, ರಾಘಪ್ಪಾ ಕಾಪಾಡಪ್ಪಾ ಎನ್ನುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ. ಗಾಜನ್ನು ಒಳಗಿನಿಂದ ಯಾರೂ ಎಂದೂ ಒರೆಸಿರಲಿಲ್ಲ.

ಇಂಜಿನ್ ತಣ್ಣಗಾಗುವವರೆಗೆ ಬೇವಿನ ನೆರಳಲ್ಲಿ ಕಾದು, ಡಬ್ಬಿಗೆ ಕುಡಿಯುವ ನೀರು ಸುರಿದು, ಈರಯ್ಯನನ್ನು ಹೊಲದಿಂದ ಕರೆದು ತಂದು, ನಿಂತು ನಿಂತು ಹೇಗೋ ರಾಯಚೂರು ಮುಟ್ಟಿದರು. ಇಬ್ಬರನ್ನೂ ಇಳಿಸಿದವನೇ ವಿಬುಧೇಂದ್ರ ಸರ್ವಿಸ್ ಸೆಂಟರಿಗೆ ನುಗ್ಗಿದ. ಸಲಾವುದ್ದೀನ್ ಮ್ಯಾಟ್ ಮೂಸಿ, ಕಾರ್ಪೆಟ್ ಹಿಂಡಿ, ಗುಲಾಬಿ ನೀರು ತೊಟ್ಟಿಕ್ಕಿದ್ದನ್ನು ಕಂಡು ತಲೆದೂಗಿದ.

"ಖರೇ ಸರ್. ನಾವು ಹೊರಗ ಹುಡುಕಿದ್ವಿ, ಇದು ಒಳಗ ಕುಂತಿತ್ತು. ವಾರಂಟಿ ಇವತ್ತಿನ ತಾರೀಖಿಗೆ ಹಾಕ್ತೀನಿ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು, ನಾಳೆ ಸಂಜಿಗೆ ಬರ್ರಿ."

ವಿಬುಧೇಂದ್ರ ಆಟೋದಲ್ಲಿ ಮನೆಗೆ ಬರುವಾಗ ಸಿಳ್ಳೆ ಹೊಡೆದ.

ಮನೆಯಲ್ಲಿ ಯಾರೂ ಸಿಳ್ಳೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸತ್ಯಭಾಮಾಬಾಯಿ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಶ್ರೀವಲ್ಲಿಯ ಕಣ್ಣು ಕೆಂಪಾಗಿತ್ತು.

"ನನಗೂ ಗೊತ್ತಿತ್ರಿ," ಎಂದಳು. "ರಜಾ ದಿನ ನೀವು ಮಲಗಿದಾಗ ಎಷ್ಟೋ ಮಧ್ಯಾಹ್ನ ಕಾರಿನಾಗ ಹೋಗಿ ಕೂತೀನಿ. ಅಮ್ಮನ ವಾಸನಿ ಬರ್ತಿತ್ತು. ನಿಮಗ ಹೇಳಿದ್ರ ನಗ್ತೀರಂತ ಹೇಳ್ಲಿಲ್ಲ."

"ಶ್ರೀವಲ್ಲಿ, ಅದು ಒಂದು ಸಾಮಾನು. ತೂತು ಬಿದ್ದ ಸಾಮಾನು."

ಅವಳು ಒಳಗೆ ಹೋದಳು.

ಮರುದಿನ ಸಂಜೆ ಕಾರು ಬಂತು. ಮ್ಯಾಟ್ ಒಣಗಿತ್ತು, ಗಾಜು ಥಳಥಳಿಸುತ್ತಿತ್ತು, ಒಳಗೆ ಯಾವುದೋ ಅಗ್ಗದ ಮಲ್ಲಿಗೆ ಸೆಂಟಿನ ವಾಸನೆ. ಶ್ರೀವಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಗಾಜಿನ ಮೇಲೆ ಕೈಯಾಡಿಸಿದಳು. ಒರೆಸಿ ಹಾಕಿದ್ದರು. ಅವಳ ಗಲ್ಲ ಅದುರಿತು.

ಬಾಗಿಲಲ್ಲಿ ನಿಂತ ಸತ್ಯಭಾಮಾಬಾಯಿ ಕೇಳಿದರು: "ನನ್ನ ತಂಗೀನ ಎಲ್ಲಿ ಬಿಟ್ಟು ಬಂದ್ರಿ ಅಳಿಯಂದ್ರ?"

"ಅಂದ್ರ?"

"ಆ ಸಾಮಾನಿನಾಗ ಇದ್ಲೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಅದು ಇದ್ದಾಗ ಇದ್ಲು, ಅದನ್ನ ತಗದ ಮ್ಯಾಲ ಇಲ್ಲ. ನಾಳೆ ತಿಥಿ. ಆಕಿ ಅಲ್ಲೆ ಗ್ಯಾರೇಜಿನಾಗ ಕೂತಿರಬೇಕು, ನಾವಿಲ್ಲಿ ಪಿಂಡ ಇಡಬೇಕು ಅಂತೀರೇನು? ಹೋಗಿ ತರ್ರಿ."

"ತರ್ರಿ," ಎಂದಳು ಶ್ರೀವಲ್ಲಿಯೂ. ಕಂಪೌಂಡಿನ ಆಚೆಯಿಂದ ಈರಯ್ಯನ ತಲೆಯೂ ಹೌದೆಂದು ಆಡಿತು.

ಸೆಂಟರಿನಲ್ಲಿ ಸಲಾವುದ್ದೀನ್ ಒಬ್ಬನೇ ಇದ್ದ. ಭೌತಶಾಸ್ತ್ರದ ಉಪನ್ಯಾಸಕ ಎರಡು ಸಲ ಕೆಮ್ಮಿ, ತನ್ನ ಹಳೆಯ ಹೀಟರ್ ಕೋರ್ ಬೇಕು ಎಂದ.

"ಯಾಕ್ರಿ ಸರ್?"

"ಅದು... ಕಾಲೇಜಿನಾಗ ಪ್ರಾಕ್ಟಿಕಲ್‌ಗೆ."

"ವಾರಂಟಿ ಒಳಗ ಬದಲಿ ಮಾಡಿದ ಹಳೇ ಸಾಮಾನು ಕಂಪನಿಗೆ ವಾಪಸ್ ಕಳಸಬೇಕ್ರಿ. ನಿಮಗ ಕೊಟ್ರ ವಾರಂಟಿ ರದ್ದಾಗ್ತದ. ಈಗ ಅವಧಿನೂ ಮುಗದದ, ಮತ್ತ ಹಾಕಾಕ ಬರಂಗಿಲ್ಲ. ಪೂರಾ ಖರ್ಚು ನಿಮ್ಮ ಮ್ಯಾಲ ಬರ್ತದ."

ವಿಬುಧೇಂದ್ರ ಕಣ್ಣು ಮುಚ್ಚಿದ. ತಿಂಗಳುಗಟ್ಟಲೆ ಬೆನ್ನಟ್ಟಿ, ಕೊನೆಯ ದಿನ, ಕೊನೆಯ ಗಳಿಗೆಯಲ್ಲಿ ಗೆದ್ದುಕೊಂಡ ವಾರಂಟಿ. ಮುಚ್ಚಿದ ಕಣ್ಣೊಳಗೆ ಶ್ರೀವಲ್ಲಿಯ ಅದುರುವ ಗಲ್ಲ ಕಂಡಿತು.

"ಕೊಡ್ರಿ," ಎಂದ.

ಸಲಾವುದ್ದೀನ್ ವಾದ ಮಾಡುತ್ತಾನೆ, ನಗುತ್ತಾನೆ ಎಂದುಕೊಂಡಿದ್ದ. ಅವನು ಎರಡೂ ಮಾಡಲಿಲ್ಲ. ಬದಲಿಗೆ ಅವನ ಮುಖದಲ್ಲಿ ಒಂದು ಭಾರ ಇಳಿದಂಥ ಕಳೆ ಬಂತು. ಒಳಗೆ ಹೋಗಿ, ಹೊಸ ಟವೆಲಿನಲ್ಲಿ ಸುತ್ತಿದ ಪುಟ್ಟ ಗಂಟನ್ನು ಎರಡೂ ಕೈಯಲ್ಲಿ, ಕೂಸನ್ನು ತರುವವನಂತೆ ತಂದ.

"ಭಾಳ ಛಲೋ ಆತು ಸರ್. ನಿನ್ನೆ ರಾತ್ರಿನ ಬಿಚ್ಚಿ, ಗಾಳಿ ಹೊಡದು ಒಣಗಿಸಿ ಸ್ಟೋರಿನಾಗ ಇಟ್ಟೀವಿ. ಆದ್ರ ನಮ್ಮ ಸ್ಟೋರಿನವ ಮುಂಜಾನಿಂದ ಒಳಗ ಹೋಗವಲ್ಲ. ನೀವ ಮುಟ್ಟಿ ನೋಡ್ರಿ."

ವಿಬುಧೇಂದ್ರ ಟವೆಲಿನ ಒಳಗೆ ಕೈಹಾಕಿದ. ಅಲ್ಯೂಮಿನಿಯಮ್ಮಿನ ಆ ಸಣ್ಣ ಪೆಟ್ಟಿಗೆ ಬೆಚ್ಚಗಿತ್ತು. ಸುಡುವಷ್ಟಲ್ಲ. ತಲೆಯ ಮೇಲಿಟ್ಟ ಹಿರಿಯರ ಅಂಗೈಯಷ್ಟು.

ಅವನು ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ. ಆದರೂ ಅವನು ಉಪನ್ಯಾಸಕ. ಗಂಟಲು ಸರಿಮಾಡಿಕೊಂಡು, "ಇದು ಸಹಜ ಅದ," ಎಂದ. "ಲೋಹ ಶಾಖ ಬೇಗ ಹೀರಿಕೊಳ್ತದ. ರಾಯಚೂರಿನ ಬಿಸಿಲು, ಮ್ಯಾಲ ತಗಡಿನ ಛಾವಣಿ. ಸ್ಟೋರ್ ಒಳಗ ಏನಿಲ್ಲಂದ್ರೂ..."

"ನಮ್ಮ ಸ್ಟೋರಿಗೆ ಎ.ಸಿ. ಅದ ಸರ್," ಎಂದ ಸಲಾವುದ್ದೀನ್.